ತಿರಕಪ್ಪನ ನೆರಳು ಮತ್ತು ಲಚ್ಚವ್ವನ ಹೆಪ್ಪು

ಒಂದಾನೊಂದು ಊರಿನಲ್ಲಿ ಒಂದು ಕಟ್ಟಳೆ ಇತ್ತು. ಹಾಲಿಗೆ ಹಾಕುವ ಹೆಪ್ಪನ್ನು ಪಕ್ಕದ ಮನೆಯಿಂದಲೇ ತರಬೇಕು. ಕೊಡುವವರು ಹೆಪ್ಪಿನ ಜತೆ ಒಂದು ಮಾತನ್ನೂ ಕೊಡಬೇಕು. ಇಲ್ಲದಿದ್ದರೆ ಹಾಲು ಮೊಸರಾಗುತ್ತಿರಲಿಲ್ಲ. ಆ ಮೊಸರು ಉಂಡವರು ಆ ಮಾತನ್ನು ನಂಬುತ್ತಿದ್ದರು. ಊರಿನ ಮೊದಲ ಹೆಪ್ಪು ಲಚ್ಚವ್ವನ ಮನೆಯದು; ಅವಳ ಮಾತೇ ಮನೆಯಿಂದ ಮನೆಗೆ ಸಾಗುತ್ತಿತ್ತು.

ಒಂದು ದಿನ ಲಚ್ಚವ್ವನಿಗೆ ಮಾತೇ ಹೊಳೆಯಲಿಲ್ಲ. ನಡುಮಧ್ಯಾಹ್ನ. ಕುಂಬಾರ ತಿರಕಪ್ಪ ಬೀದಿಯಲ್ಲಿ ಹೋಗುತ್ತಿದ್ದ. ‘ತಿರಕಪ್ಪನಿಗೆ ನೆರಳೇ ಇಲ್ಲ ನೋಡೇ’ ಎಂದು ಪಕ್ಕದ ಮನೆಯವಳಿಗೆ ಹೆಪ್ಪು ಕೊಟ್ಟಳು.

ಮೂರು ದಿನದಲ್ಲಿ ಊರೆಲ್ಲ ಉಂಡಿತು, ಊರೆಲ್ಲ ನಂಬಿತು. ನೆರಳಿಲ್ಲದವನು ಮನುಷ್ಯನಲ್ಲ. ಮನುಷ್ಯನಲ್ಲದವನಿಗೆ ಮನೆ ಯಾಕೆ? ದೊರೆ ಅವನ ಮನೆಯನ್ನು ಒಂದು ಎಮ್ಮೆಗೆ ಬರೆದುಕೊಟ್ಟ. ಎಮ್ಮೆಗೆ ನೆರಳಿತ್ತು.

ಗಂಡಹೆಂಡತಿ ಬೀದಿಗೆ ಬಿದ್ದರು. ತಿರಕಪ್ಪ ಇಳಿಬಿಸಿಲಲ್ಲಿ ಅರಮನೆ ಮುಂದೆ ನಿಂತ.

‘ಬುದ್ಧೀ, ಇಗೋ ನನ್ನ ನೆರಳು.’

ದೊರೆ ಬಗ್ಗಿ ನೋಡಿದ. ‘ಚೆನ್ನಾಗಿದೆ. ಯಾರದು?’

‘ನಂದೇ ಬುದ್ಧೀ!’

‘ನಿನಗೆ ನೆರಳಿಲ್ಲವಲ್ಲಪ್ಪ. ನಿನ್ನೆ ತಾನೆ ಮೊಸರನ್ನ ಉಂಡಿದ್ದೀನಿ.’

ದೊರೆ, ಪಾಪ, ಸುಳ್ಳು ಹೇಳುವವನಲ್ಲ.

ತಿರಕಪ್ಪನ ಹೆಂಡತಿ ಹೊನ್ನವ್ವನಿಗೆ ರೇಗಿತು. ಆದರೂ ನಗುತ್ತಲೇ ಲಚ್ಚವ್ವನ ಜಗಲಿಗೆ ಹೋಗಿ ಕೂತಳು.

‘ಲಚ್ಚಕ್ಕ, ನೀನಂದಿದ್ದು ದಿಟ ಕಣಕ್ಕ. ನೆರಳು ಒಗೆಯಕ್ಕೆ ಹಾಕಿದ್ದೆ. ಒಣಗಿ ಎರಡಾಗ್ಯದೆ.’

ತನ್ನ ಮಾತು ದಿಟವೆಂದದ್ದಕ್ಕೆ ಲಚ್ಚವ್ವ ಹಿಗ್ಗಿದಳು. ಅಂದಿನ ಹೆಪ್ಪಿನ ಜತೆ ತಿರಕಪ್ಪನ ಎರಡು ನೆರಳು ಹೊರಟವು.

ಮೂರು ದಿನದಲ್ಲಿ ಊರೆಲ್ಲ ಎರಡನ್ನೂ ಕಂಡಿತು. ಎಮ್ಮೆಯೂ ಮಜ್ಜಿಗೆ ಕುಡಿದಿತ್ತು. ‘ಎರಡು ನೆರಳಿನವರ ಮನೇಲಿ ನಾನು ಒಂದಿಟ್ಟುಕೊಂಡು ಹೆಂಗಿರಲಿ?’ ಎಂದು ಹೊರಟೇಹೋಯಿತು. ಮನೆ ವಾಪಸು ಬಂತು.

ಹಿಂದೆಯೇ ದೊರೆಯ ಆಳುಗಳೂ ಬಂದರು. ‘ಎರಡಿದ್ದರೆ ಒಂದು ಅರಮನೆಗೆ.’ ಇದ್ದ ಒಂದನ್ನೇ ಕತ್ತರಿಸಿ, ಚಾಪೆಯ ಹಾಗೆ ಸುತ್ತಿಕೊಂಡು ಹೋದರು.

ಎರಡರಲ್ಲಿ ಒಂದು ಹೋದರೆ ಒಂದು ಉಳಿಯಬೇಕು. ಉಳಿದಿದೆ ಎಂದಿತು ಊರು. ಬಿಸಿಲು ತಡೆಯಲಾರದವರು ಬಂದು ಅದರಲ್ಲಿ ಕೂತರು. ‘ತಂಪಾಗ್ಯದೆ’ ಎಂದರು.

ತಿರಕಪ್ಪ ನೆಲ ನೋಡಿದ. ಏನೂ ಇರಲಿಲ್ಲ. ಅವನಿಗೆ ಭಯವಾಯಿತು. ಇದನ್ನು ಹೇಳಿಕೊಳ್ಳಲು ಇದ್ದವಳು ಒಬ್ಬಳೇ.

‘ಹೊನ್ನೀ, ಈಗ ದಿಟವಾಗ್ಲೂ ನನಗೆ ನೆರಳಿಲ್ಲ ಕಣೇ.’

ಹೊನ್ನವ್ವ ಮೊಸರನ್ನ ಉಂಡು ಕೈ ತೊಳೆದು ಬಂದಳು. ಅವನ ಪಕ್ಕದಲ್ಲೇ ಕೂತಳು.

‘ಒಸಿ ಅತ್ಲಾಗೆ ಸರ್ಕೊಳ್ಳಿ. ನೆರಳು ನನ್ನ ಮ್ಯಾಲೂ ಬೀಳ್ಲಿ.’

ತಿರಕಪ್ಪ ಸರಿದು ಕೂತ.

ನೀತಿ: ಹೆಪ್ಪು ಕೇಳಲು ಹೋದಾಗ ಕಿವಿಗೆ ಹತ್ತಿ ಇಟ್ಟುಕೊಳ್ಳಿ. ಕತೆ ನಿಜವೋ ಎಂದು ಕೇಳಬೇಡಿ. ನನಗೆ ಇದನ್ನು ಹೇಳಿದ್ದು ಆ ಎಮ್ಮೆ.