ಫೋಟೋದಲ್ಲಿದ್ದ ಹಾಗೇ

ಬಸ್ ಸ್ಟ್ಯಾಂಡ್ ಎದುರು ಮೂವತ್ತು ವರ್ಷದಿಂದ ನಾನು ಟೈಲರ್. ಹಾಗಂತ ಬೋರ್ಡಿನಲ್ಲಿ ಬರೆದಿದೆ. ಈಗ ಜನ ಬಟ್ಟೆಯನ್ನು ಫೋನಿನಲ್ಲೇ ತರಿಸಿಕೊಳ್ಳುತ್ತಾರೆ. ನನ್ನ ಹತ್ತಿರ ಬರುವುದು ಅದರ ತೋಳು ಗಿಡ್ಡ ಮಾಡಿಸಲು. ನಾನೂ ಗೋಡೆಗೆ ಬೆನ್ನು ಕೊಟ್ಟು ಕೂತು ಗಿಡ್ಡ ಮಾಡಿಕೊಡುತ್ತೇನೆ.

ಮೊನ್ನೆ ಸೊಸೈಟಿ ಅಧ್ಯಕ್ಷ ಸಿದ್ಧಲಿಂಗಮೂರ್ತಿಯವರು ಆನ್‌ಲೈನ್ ಜುಬ್ಬಾ ಹಾಕಿಕೊಂಡೇ ಬಂದರು. ಅದರೊಳಗೆ ಇನ್ನೊಬ್ಬ ಅಧ್ಯಕ್ಷರಿಗೂ ಜಾಗವಿತ್ತು. ಅದೇ ಜುಬ್ಬಾ ತೊಟ್ಟ ಮಾಡೆಲ್ ಒಬ್ಬನ ಫೋಟೋವನ್ನು ಫೋನಿನಲ್ಲಿ ತೆಗೆದು ನನ್ನ ಮೂಗಿಗೇ ಹಿಡಿದರು.

“ಇನ್ನರ್ಧ ಗಂಟೆಗೆ ನನಗೆ ಸನ್ಮಾನ. ಜುಬ್ಬಾ ಫೋಟೋದಲ್ಲಿರೋ ಹಾಗೇ ಮೈಮೇಲೆ ಕೂರಬೇಕು. ಆಗಲ್ಲ ಅಂದ್ರೆ ಅಂಗಡಿ ಖಾಲಿ ಮಾಡು. ಮಳಿಗೆ ಸೊಸೈಟೀದು, ನೆನಪಿರಲಿ.”

ಬಿಚ್ಚಿ ಹೊಲಿಯಲು ಅರ್ಧ ದಿನ ಬೇಕು. ತಂತಿ ಮೇಲಿದ್ದ ಬಟ್ಟೆ ಕ್ಲಿಪ್ಪುಗಳನ್ನು ತೆಗೆದುಕೊಂಡೆ. ಜುಬ್ಬಾದ ಸಡಿಲವನ್ನೆಲ್ಲ ಅವರ ಬೆನ್ನ ಹಿಂದೆ ಮಡಚಿ ಐದು ಕ್ಲಿಪ್ ಹಾಕಿದೆ. ಕನ್ನಡಿಯಲ್ಲಿ ಥೇಟ್ ಫೋಟೋ. ಅಧ್ಯಕ್ಷರು ಮೀಸೆ ತಿರುವಿದರು. ಆಮೇಲೆ ಬೆನ್ನು ಮುಟ್ಟಿಕೊಂಡರು.

“ಏನಯ್ಯಾ ಇದು?”

“ಫೋಟೋದವನಿಗೂ ಹೀಗೇ ಹಾಕಿರ್ತಾರೆ ಸಾರ್. ಅವನು ತಿರುಗಲ್ಲ, ಅಷ್ಟೇ. ನೀವೂ ಶಾಲು ಹೊದಿಸೋವರೆಗೆ ತಿರುಗಬೇಡಿ.”

ಅವರಿಗೆ ಸಿಟ್ಟು ಬಂದಿತ್ತು. ಆದರೆ ಕನ್ನಡಿ ಬಿಟ್ಟು ಕದಲಲು ಮನಸ್ಸಿರಲಿಲ್ಲ.

“ಅವನ ಬೆನ್ನು ನೀನೆಲ್ಲಿ ನೋಡಿದ್ದೆ?”

“ಅವನದು ನೋಡಿಲ್ಲ ಸಾರ್,” ಎಂದು ತಿರುಗಿ ನಿಂತೆ. ಫೋನಿನಲ್ಲಿ ತರಿಸಿದ್ದ ನನ್ನ ಅಂಗಿಗೆ ಬೆಳಿಗ್ಗೆ ಹೆಂಡತಿ ಹಾಕಿದ್ದ ಆರು ಕ್ಲಿಪ್ ಹಾಗೇ ಇದ್ದವು.

ಅಧ್ಯಕ್ಷರು ಒಂದೊಂದಾಗಿ ಎಣಿಸಿದರು. “ಹೊಲಿಸಬಾರದೇನಯ್ಯಾ?”

“ಒಳ್ಳೆ ಟೈಲರ್ ಸಿಗ್ತಿಲ್ಲ ಸಾರ್,” ಅಂದೆ.