ಬಿಟ್ಟುಹೋದ ಕೋಮಲ

"ಅಜ್ಜಾರ, ನಾ ಕಟ್ಟಿದ ಚೀಜು ಮಂದಿ ಒಂದ ಸಲ ಕೇಳತಾರ, ವಾಹ್ ಅಂತಾರ, ಮರತ ಬಿಡತಾರ. ಮತ್ತೊಮ್ಮೆ ಹಾಡು ಅಂತ ಒಬ್ಬರೂ ಕೇಳಂಗಿಲ್ಲ. ಇನ್ನ ಯಾಕ ಕಟ್ಟಬೇಕ್ರಿ?"

ಹೀಗೆ ಕೇಳಿದವನು ಕೊಟ್ರೇಶ. ಮಠದ ಸಂಗೀತಶಾಲೆಯಲ್ಲಿ ಒಂಬತ್ತು ವರ್ಷ ಕಲಿತವನು. ಹಾಡುವುದರ ಜೊತೆಗೆ ಹೊಸ ಚೀಜು, ಎಂದರೆ ಹೊಸ ಹಾಡು, ಕಟ್ಟುವ ಹುಚ್ಚೂ ಅವನಿಗಿತ್ತು. ಹೋದ ಶ್ರಾವಣದಲ್ಲಿ ಮಠದ ಸಭೆಯಲ್ಲಿ ಒಂದನ್ನು ಹಾಡಿದ್ದ. ಅದಾದ ಮೇಲೆ ಇನ್ನೂ ಹನ್ನೊಂದು ಕಟ್ಟಿ, ಒಂದೊಂದನ್ನು ಒಂದೊಂದು ಸಭೆಯಲ್ಲಿ ಹಾಡಿದ್ದ. ಈಗ ಇಷ್ಟಕ್ಕೇ ಸಾಕು ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಗುರುಗಳಾದ ಗವಾಯಿಗಳ ಮುಂದೆ ಬಂದು ಕೂತಿದ್ದ.

ಗವಾಯಿಗಳು ತಾವು ಹಿಂದೆ ಅಮೆರಿಕಕ್ಕೆ ಹಾಡಲು ಹೋದಾಗ ಕೇಳಿದ ಕತೆಯೊಂದನ್ನು ಹೇಳತೊಡಗಿದರು. ಊರಿನ ಹೆಸರು ತಮಗೆ ಮರೆತುಹೋಗಿದೆ, ಅದು ನಿನಗೆ ಬೇಕಾಗಿಯೂ ಇಲ್ಲ ಎಂದು ಮೊದಲೇ ಹೇಳಿಬಿಟ್ಟರು.

ಆ ದೇಶದಲ್ಲಿ ಒಬ್ಬ ಸಂಗೀತ ರಚನೆಗಾರ್ತಿ ಇದ್ದಳು. ನಮ್ಮಲ್ಲಿ ಕಟ್ಟಿದವರೇ ಹಾಡುತ್ತಾರೆ. ಅಲ್ಲಿಯ ಪದ್ಧತಿ ಬೇರೆ. ಕಟ್ಟುವವರು ಕಾಗದದ ಮೇಲೆ ಬರೆದುಕೊಡುತ್ತಾರೆ, ಎಪ್ಪತ್ತು ಮಂದಿ ವಾದ್ಯಗಾರರು ಸಾಲಾಗಿ ಕೂತು ನುಡಿಸುತ್ತಾರೆ. ಒಬ್ಬೊಬ್ಬರ ಮುಂದೆ ಅವರವರ ಹಾಳೆ ಮಾತ್ರ ಇರುತ್ತದೆ. ಪಕ್ಕದವನ ಹಾಳೆಯಲ್ಲಿ ಏನಿದೆಯೋ ಇವನಿಗೆ ಗೊತ್ತಿಲ್ಲ. ಕಾಲು ತಾಸು ಸುಮ್ಮನೆ ತಾಳದ ಮಾತ್ರೆ ಎಣಿಸುತ್ತ ಕೂತು, ನಾಲ್ಕು ಸ್ವರ ಊದಿ, ಮನೆಗೆ ಹೋಗುವವರೂ ಅಲ್ಲಿದ್ದಾರೆ. ಅದಕ್ಕೂ ತಾಳ್ಮೆ ಬೇಕು, ನಗಬೇಡ ಎಂದು ಗವಾಯಿಗಳು ಶಿಷ್ಯನನ್ನು ಗದರಿದರು.

ಅಲ್ಲಿಯ ದೊಡ್ಡ ವಾದ್ಯವೃಂದಗಳಿಗೆ ಇನ್ನೊಂದು ಚಟ. ಹೊಸ ಕೃತಿಯನ್ನು ಲೋಕದಲ್ಲೇ ಮೊಟ್ಟಮೊದಲು ನುಡಿಸಿದವರು ತಾವು ಎಂದು ಹೇಳಿಕೊಳ್ಳಬೇಕು. ಎರಡನೆಯವರಾಗಲು ಯಾರಿಗೂ ಮನಸ್ಸಿಲ್ಲ. ಹೊಸ ಸೊಸೆಗೆ ಆರತಿ ಎತ್ತಲು ಓಣಿಯವರೆಲ್ಲ ಬರುತ್ತಾರೆ. ಮರುದಿನ ಆಕೆ ಉಂಡಳೋ ಇಲ್ಲವೋ ಕೇಳುವವರಿಲ್ಲ. ಈ ರಚನೆಗಾರ್ತಿ ಇಪ್ಪತ್ತೆಂಟು ಕೃತಿ ಬರೆದಿದ್ದಳು. ಇಪ್ಪತ್ತೆಂಟಕ್ಕೂ ಆರತಿ ಆಗಿತ್ತು. ಆರತಿಯ ಮರುದಿನ ಹಾಳೆಗಳು ರಟ್ಟಿನ ಪೆಟ್ಟಿಗೆ ಸೇರುತ್ತಿದ್ದವು, ಆಕೆ ಮುಂದಿನದಕ್ಕೆ ಕೈ ಹಾಕುತ್ತಿದ್ದಳು.

ಅವುಗಳಲ್ಲಿ ಒಂದನ್ನು ಆಕೆ ತಾಯಿ ಸತ್ತ ಮೇಲೆ ಎರಡು ವರ್ಷ ಕೂತು ಬರೆದಿದ್ದಳು. ತಾಯಿಯ ದನಿ ದಪ್ಪ. ಅದಕ್ಕೆಂದೇ ಅದರ ಜೀವವನ್ನೆಲ್ಲ ವಯೋಲಾಗಳಿಗೆ ಕೊಟ್ಟಿದ್ದಳು. ವಯೋಲಾ ಎಂದರೆ ಪಿಟೀಲಿಗಿಂತ ತುಸು ದೊಡ್ಡದು, ದನಿ ತುಸು ತಗ್ಗು; ಜನ ಅದರ ಕಡೆ ಅಷ್ಟಾಗಿ ಗಮನ ಕೊಡುವುದಿಲ್ಲ. ದೊಡ್ಡ ಊರಿನ ವೃಂದ ಎರಡು ದಿನ ಅಭ್ಯಾಸ ಮಾಡಿ ಅದನ್ನು ನುಡಿಸಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಪತ್ರಿಕೆಯವರು ಒಳ್ಳೆಯ ಮಾತು ಬರೆದರು. ಅಷ್ಟಕ್ಕೆ ಅದರ ಕತೆ ಮುಗಿಯಿತು.

ಎಂಟು ವರ್ಷ ಕಳೆದವು. ಆಕೆಗೆ ಐವತ್ತೇಳು ತುಂಬಿತು. ಒಂದು ದಿನ ಆಕೆಗೆ ಸಾಕೆನಿಸಿತು. ಯಾರ ಮೇಲೂ ಸಿಟ್ಟಿನಿಂದಲ್ಲ, ಬರೇ ದಣಿವಿನಿಂದ. ಮನೆಯಲ್ಲಿದ್ದ ಪಿಯಾನೊವನ್ನು ಒಂದು ಶಾಲೆಗೆ ಕೊಡುವುದಾಗಿ ಹೇಳಿ, ಬೇಸಿಗೆ ರಜೆ ಮುಗಿದ ಮೇಲೆ ಬಂದು ಒಯ್ಯಿರಿ ಎಂದು ತಿಳಿಸಿದಳು. ಹಾಡು ಕಟ್ಟುವವರ ಮನೆಯಿಂದ ಪಿಯಾನೊ ಹೋಯಿತು ಎಂದರೆ ಅರ್ಥವೇನೆಂದು ಬೇರೆ ಹೇಳಬೇಕಾಗಿಲ್ಲ.

ಆ ನಡುವೆ ಬೆಟ್ಟದ ಕಡೆಯ ಒಂದು ಸಣ್ಣ ಊರಿನಿಂದ ಕಾಗದ ಬಂತು. ಆ ಊರಿನವರು ತಮ್ಮದೇ ಒಂದು ವೃಂದ ಮಾಡಿಕೊಂಡಿದ್ದರು. ಒಬ್ಬ ಹಲ್ಲಿನ ಡಾಕ್ಟರು, ಒಬ್ಬ ಟಪಾಲಿನವನು, ಒಬ್ಬಳು ಬೇಕರಿಯವಳು, ಹೀಗೆ ಮೂವತ್ತು ಮಂದಿ. ಮಂಗಳವಾರಕ್ಕೊಮ್ಮೆ ಶಾಲೆಯ ಊಟದ ಕೋಣೆಯಲ್ಲಿ ಸೇರಿ ನುಡಿಸುವರು. ಅವರನ್ನು ನಡೆಸುವ ಶಾಲಾ ಮಾಸ್ತರರು ಎಂಟು ವರ್ಷದ ಹಿಂದೆ ಆ ಕೃತಿಯನ್ನು ಕೇಳಿದ್ದರಂತೆ. ಅದು ಮನಸ್ಸಿನಿಂದ ಹೋಗಿಲ್ಲ, ಹಾಳೆ ಕಳಿಸುವಿರಾ ಎಂದು ಕೇಳಿದ್ದರು. ಆಕೆ ಪೆಟ್ಟಿಗೆಯನ್ನು ಬಿಚ್ಚಿಯೂ ನೋಡದೆ, ಹಗ್ಗ ಕಟ್ಟಿದ್ದನ್ನು ಹಾಗೆಯೇ ಟಪಾಲಿಗೆ ಹಾಕಿದಳು. ಹಿಂದಿರುಗಿಸಬೇಕಾಗಿಲ್ಲ ಎಂದು ಮೇಲೊಂದು ಚೀಟಿ ಅಂಟಿಸಿದಳು.

ಮೂರು ತಿಂಗಳಾದ ಮೇಲೆ ಇನ್ನೊಂದು ಕಾಗದ ಬಂತು. ಬೇಕರಿಯವಳು ಬರೆದದ್ದು. ಗವಾಯಿಗಳಿಗೆ ಅದು ಬಾಯಿಪಾಠವಾಗಿತ್ತು.

"ನಾನು ವಯೋಲಾ ನುಡಿಸುವವಳು. ಮೂರನೇ ಹಾಳೆಯ ಐದನೇ ಸಾಲಿನಲ್ಲಿ ನನ್ನ ಸ್ವರ ಉಳಿದವರ ಸ್ವರಕ್ಕೆ ಹೊಂದದೆ ಚುಚ್ಚುತ್ತದೆ. ಹನ್ನೊಂದು ವಾರ ನುಡಿಸಿ ನೋಡಿದೆವು. ಮೊದಲು ನನ್ನ ಕಿವಿಯೇ ಸರಿಯಿಲ್ಲ ಎಂದುಕೊಂಡೆ. ಆಮೇಲೆ, ಇದು ತಾಯಿ ಸತ್ತ ದುಃಖ ಎಂದು ಮಾಸ್ತರರು ಹೇಳಿದ್ದರಲ್ಲ, ಇಲ್ಲಿ ಚುಚ್ಚಲೇಬೇಕು ಎಂದು ನೀವೇ ಹಾಗೆ ಬರೆದಿರಬಹುದು ಎಂದುಕೊಂಡೆ. ನೀವು ಬೇಕೆಂದೇ ಬರೆದಿದ್ದರೆ ಹಾಗೆಯೇ ನುಡಿಸುತ್ತೇವೆ. ಕಷ್ಟವಾಗುತ್ತದೆ, ಆದರೂ ನುಡಿಸುತ್ತೇವೆ. ದಯವಿಟ್ಟು ತಿಳಿಸಿ."

ರಚನೆಗಾರ್ತಿಗೆ ಮೊದಲು ಸಿಟ್ಟು ಬಂತು. ದೊಡ್ಡ ಊರಿನ ಎಪ್ಪತ್ತು ಮಂದಿ ವಿದ್ವಾಂಸರು ಕಾಣದ ತಪ್ಪು ರೊಟ್ಟಿ ಬೇಯಿಸುವವಳಿಗೆ ಕಂಡಿತೇ ಎಂದು. ಆದರೂ ಹುಡುಕಿ, ತಾನು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ಮೂಲಪ್ರತಿಯನ್ನು ತೆಗೆದು ನೋಡಿದಳು. ಅಲ್ಲಿ ಆ ಸ್ವರಕ್ಕೆ ಕೋಮಲದ ಗುರುತಿತ್ತು, ಎಂದರೆ ಶುದ್ಧ ಸ್ವರವನ್ನು ಅರ್ಧ ಮೆಟ್ಟಿಲು ಕೆಳಗಿಳಿಸುವ ಗುರುತು. ವಯೋಲಾದವರಿಗೆಂದು ಹಾಳೆಯನ್ನು ನಕಲು ಮಾಡುವಾಗ ಆಕೆಯ ಕೈಯಲ್ಲೇ ಅದು ಬಿಟ್ಟುಹೋಗಿತ್ತು. ಕೋಮಲ ಇರಬೇಕಾದಲ್ಲಿ ಎಂಟು ವರ್ಷ ಶುದ್ಧ ಕೂತಿತ್ತು. ಎಪ್ಪತ್ತು ವಾದ್ಯಗಳ ಗದ್ದಲದಲ್ಲಿ ಅದು ಮುಚ್ಚಿಹೋಗಿತ್ತು. ದೊಡ್ಡ ಊರಿನವರು ನುಡಿಸಿದ ದಿನ ಆಕೆ ಸಭೆಯಲ್ಲೇ ಕೂತಿದ್ದಳು. ಆದರೆ ಕೇಳುತ್ತಿರಲಿಲ್ಲ, ಕೇಳುವವರ ಮುಖ ನೋಡುತ್ತಿದ್ದಳು.

ಇದು ನೆನಪಾದ ಕೂಡಲೇ ಆಕೆ ಅಲ್ಲೇ ಕೂತು ಅತ್ತಳು. ನಾಚಿಕೆಯೂ ಇತ್ತು, ಸಂತೋಷವೇ ಹೆಚ್ಚಾಗಿತ್ತು. ತನ್ನ ತಾಯಿಯ ಹಾಡಿನೊಳಗೆ ಒಬ್ಬ ಹೆಂಗಸು ಹನ್ನೊಂದು ವಾರ ಓಡಾಡಿದ್ದಳು, ಎಲ್ಲಿ ಕಾಲು ಎಡವುತ್ತದೆ ಎಂದು ಹೇಳಿಕಳಿಸಿದ್ದಳು.

ಆಕೆ ಉತ್ತರ ಬರೆಯಲಿಲ್ಲ. ಬಸ್ಸು ಹತ್ತಿ ತಾನೇ ಹೋದಳು. ಊಟದ ಕೋಣೆಯಲ್ಲಿ ವಯೋಲಾದವರ ಹಿಂದೆ ಕುರ್ಚಿ ಹಾಕಿಕೊಂಡು ಕೂತು, ಅವರ ಹಾಳೆಗಳಲ್ಲಿ ಕೋಮಲದ ಗುರುತನ್ನು ಹಾಕಿಕೊಟ್ಟಳು. ಅವರು ನುಡಿಸಿದರು. ಟಪಾಲಿನವನ ತುತ್ತೂರಿಯ ದನಿ ಎರಡು ಕಡೆ ಒಡೆಯಿತು. ಹಲ್ಲಿನ ಡಾಕ್ಟರು ಎಣಿಕೆ ತಪ್ಪಿ ತುಸು ಮೊದಲೇ ಶುರುಮಾಡಿದರು. ಐದನೇ ಸಾಲು ಬಂದಾಗ ಆ ಸ್ವರ ಮೆತ್ತಗೆ ಕೆಳಗಿಳಿದು ತನ್ನ ಜಾಗದಲ್ಲಿ ಕೂತಿತು. ಆಕೆಗೆ ತಾಯಿಯ ದನಿ ಕೇಳಿದಂತಾಯಿತು. ತಾನು ಬರೆದದ್ದನ್ನು ಆಕೆ ನಿಜವಾಗಿ ಕೇಳಿದ್ದು ಅದೇ ಮೊದಲು.

ನುಡಿಸಿ ಮುಗಿದ ಮೇಲೆ ಬೇಕರಿಯವಳು ಕಮಾನನ್ನು ಕೆಳಗಿಡದೆ ಹಿಂದೆ ತಿರುಗಿದಳು.

"ಇನ್ನೊಮ್ಮೆ ನುಡಿಸೋಣವೇ?" ಎಂದು ಕೇಳಿದಳು.

ಇಪ್ಪತ್ತೆಂಟು ಕೃತಿಗಳಿಗೆ ಯಾರೂ ಆಡಿರದ ಮಾತು ಅದು. ರಚನೆಗಾರ್ತಿ ಹೂಂ ಎಂದು ತಲೆಯಾಡಿಸಿದಳು. ಆ ದಿನ ಅವರು ಅದನ್ನು ಮೂರು ಸಲ ನುಡಿಸಿದರು.

ಊರಿಗೆ ಮರಳಿದವಳು ಮೊದಲು ಶಾಲೆಗೆ ಹೋಗಿ, ಪಿಯಾನೊ ಸದ್ಯಕ್ಕೆ ಕೊಡಲಾರೆ, ಕ್ಷಮಿಸಿ ಎಂದು ಕೇಳಿಕೊಂಡಳು. ಆಮೇಲೆ ಉಳಿದ ಪೆಟ್ಟಿಗೆಗಳ ಹಗ್ಗ ಬಿಚ್ಚಿದಳು. ಇಪ್ಪತ್ತೇಳು ಕೃತಿಗಳನ್ನೂ ಒಂದೊಂದಾಗಿ ಪಿಯಾನೊದ ಮೇಲಿಟ್ಟು, ಬೇರೆ ಯಾರೋ ಬರೆದುಕೊಟ್ಟದ್ದನ್ನು ಕಲಿಯುವವಳಂತೆ ಮೊದಲ ಸಾಲಿನಿಂದ ನುಡಿಸತೊಡಗಿದಳು. ಅದಕ್ಕೇ ಒಂದು ವರ್ಷ ಹಿಡಿಯಿತು. ಮರುವರ್ಷ ಇಪ್ಪತ್ತೊಂಬತ್ತನೆಯದನ್ನು ಬರೆದಳು, ಮೂವತ್ತು ಮಂದಿ ನುಡಿಸುವಷ್ಟು ಸಣ್ಣದಾಗಿ.

ಇಷ್ಟು ಹೇಳಿ ಗವಾಯಿಗಳು ನಿಲ್ಲಿಸಿದರು.

ಕೊಟ್ರೇಶನ ಮುಖ ಅರಳಿತ್ತು. ಬೇಕರಿಯವಳಂಥವರು ತನಗೂ ಎಲ್ಲಾದರೂ ಒಬ್ಬರು ಇದ್ದೇ ಇರಬೇಕು ಎಂದು ಅವನಿಗೆ ಧೈರ್ಯ ಬಂದಂತಿತ್ತು. ಅಂಥವರು ಸಿಗುವ ತನಕ ಏನು ಮಾಡಬೇಕೆಂದು ಅವನು ಕೇಳಲಿಲ್ಲ.

"ಆಮ್ಯಾಲ ಆಕಿ ದೊಡ್ಡ ಹೆಸರು ಮಾಡಿದಳೇನ್ರಿ, ಅಜ್ಜಾರ?" ಎಂದು ಕೇಳಿದ.

ಗವಾಯಿಗಳು ತಿರುಗಿ ಕೇಳಿದರು:

"ಅದಿರಲಿ, ಶ್ರಾವಣದಾಗ ಹಾಡಿದ್ಯಲ್ಲಾ ಆ ಚೀಜು, ನೀನರ ಅದನ್ನ ಎರಡನೇ ಸಲ ಯಾವಾಗ ಹಾಡಿದಿ?"