ಕೌದಿಯ ಹಸಿವು

ಅಡಿವೆಪ್ಪ ಎಂಬ ಒಬ್ಬ ದರ್ಜಿ ಇದ್ದ. ಅವನು ಹೊಲಿದ ಅಂಗಿ ತೊಟ್ಟವರು ಜೋರಾಗಿ ಸೀನಲೂ ಅಂಜುತ್ತಿದ್ದರು, ಎಲ್ಲಿ ಹೊಲಿಗೆಯ ಗೆರೆ ಕದಲಿಬಿಡುತ್ತದೋ ಎಂದು.

ಅಂಥವನು ಒಂದು ದಿನ ಮಷೀನನ್ನು ತಮ್ಮನಿಗೆ ಒಪ್ಪಿಸಿ, ಹೆಗಲಿಗೊಂದು ಗಂಟು ಹಾಕಿಕೊಂಡು ಹೊಳೆದಂಡೆಯ ಮಠಕ್ಕೆ ಬಂದ.

ಆ ಮಠಕ್ಕೆ ಗುರು ಒಬ್ಬ ಮುದುಕಿ. ಹೆಸರು ಗುರುಬಸವ್ವ. ಕರೆಯುವುದು ಮಾತ್ರ ಎಲ್ಲರೂ ಅವ್ವಾರು ಎಂದೇ.

“ಅವ್ವಾರ, ನನ್ನನ್ನ ಶಿಷ್ಯನ್ನ ಮಾಡ್ಕೋರಿ.”

ಅವ್ವಾರು ಹಳೇ ಬಟ್ಟೆ ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ. “ಯಾಕ? ಅಂಗಡಿ ಮುಳುಗಿತೇನು?”

“ಇಲ್ರಿ. ಅಂಗಡಿ ಛಲೋ ನಡದೈತಿ. ಆದ್ರ ಊರಾಗ ಯಾರೂ ನನ್ನ ಕೂಡ ಉಣ್ಣಾಕ ಕೂಡೂದಿಲ್ರಿ.”

“ಕೈ ತೊಳಕೊಳ್ಳೂದಿಲ್ಲೇನು?”

“ಅದಲ್ರಿ. ಅವರು ತುತ್ತು ಎತ್ತೂ ಮುಂದ ನಾ ಅವರ ತೋಳಿನ ಹೊಲಿಗಿ ನೋಡ್ತೀನಂತ. ಅವರಿಗೆ ಗಂಟಲದಾಗ ಇಳಿಯೂದಿಲ್ಲಂತ.”

“ನೋಡ್ತೀಯೇನು?”

“ಸೊಟ್ಟ ಇದ್ರ ಕಣ್ಣು ತಾನ ಹೋಗತೈತ್ರಿ.”

ಅವ್ವಾರು ಸೂಜಿಯಿಂದ ತಲೆ ಕೆರೆದುಕೊಂಡರು. ಆಮೇಲೆ ಮಠದ ಕಟ್ಟಳೆ ಹೇಳಿದರು.

ವರ್ಷಕ್ಕೊಂದು ಕೌದಿ. ಊರವರು ಕೊಟ್ಟ ಹಳೇ ಸೀರೆ, ಧೋತರ, ಅಂಗಿಗಳನ್ನು ಜೋಡಿಸಿ, ಪದರ ಹಾಕಿ ಹೊಲಿಯುವುದು. ಸೀಗಿ ಹುಣ್ಣಿಮೆಗೆ ಮುಗಿಯಬೇಕು. ಆಮೇಲೆ ಹೊಳೆಯ ಮೇಲಿಂದ ಥಂಡಿ ಗಾಳಿ ಬೀಸುತ್ತದೆ, ದಾರಿಹೋಕರು ಬಂದು ಮಠದಲ್ಲಿ ಮಲಗುತ್ತಾರೆ, ಅವರಿಗೆ ಹೊದಿಕೆ. ಶಿಷ್ಯನಾಗಬೇಕೆಂದು ಬಂದವನು ಅದರಲ್ಲಿ ಒಂದು ಚೌಕ ಹೊಲಿಯಬೇಕು. ಚೌಕ ಕೌದಿಗೆ ಕೂಡಿದರೆ ಅವನು ಮಠದವನು. ಒಳಗೆ, ಒಲೆಯ ಮುಂದೆ ಎಲ್ಲರ ಸಾಲಿನಲ್ಲಿ ಅವನ ಊಟ. ಅಲ್ಲಿಯವರೆಗೆ ಹೊರಗಿನ ಕಟ್ಟೆಯ ಮೇಲೆ, ಒಬ್ಬನೇ.

“ಕೂಡದಿದ್ರ?”

“ಹುಣ್ಣಿಮಿ ದಿನ ಸಂತಿ ಗಾಡಿ ಬರತೈತಿ. ನಿಮ್ಮೂರಿನ ಮ್ಯಾಲೆ ಹಾದು ಹೋಗತೈತಿ.”

ಅಡಿವೆಪ್ಪನಿಗೆ ನಗು ಬಂತು. ಮೀನಿಗೆ ಈಜು ಬರುತ್ತದೇನು ಎಂದು ಕೇಳಿದ ಹಾಗಿತ್ತು.

ಚೌಕದ ನಮೂನೆ ಹಳೆಯದು. ನಡುವೆ ಒಂದು ತುಂಡು, ಅದರ ಸುತ್ತ ಮೂರು ಮೂಲೆಯ ಎಂಟು ತುಂಡು. ದೂರದಿಂದ ನೋಡಿದರೆ ಚುಕ್ಕಿ ಹೊಳೆದ ಹಾಗೆ ಕಾಣಬೇಕು. ಅದಕ್ಕೇ ಅದರ ಹೆಸರು ಚುಕ್ಕಿ.

ಅಡಿವೆಪ್ಪ ಊರವರು ಕೊಟ್ಟ ಬಟ್ಟೆಯ ಗಂಟು ಬಿಚ್ಚಿದ. ಕಲೆ ಇದ್ದದ್ದನ್ನು ಕತ್ತರಿಸಿ ಎಸೆದ. ತೇಪೆ ಇದ್ದದ್ದನ್ನು ಎಸೆದ. ಹಿಂಜಿದ್ದನ್ನು ಎಸೆದ. ಉಳಿದದ್ದರಲ್ಲಿ ಚುಕ್ಕಿ ಹೊಲಿದ. ಮೂಲೆಯಿಂದ ಮೂಲೆಗೆ ದಾರ ಹಿಡಿದು ಅಳೆದ. ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ.

ಅವ್ವಾರು ಅದನ್ನು ತಿರುಗಿಸಿ ನೋಡಿದರು. ಮೂಸಿದರು. ಆಮೇಲೆ ಕಿವಿಗೆ ಹಚ್ಚಿಕೊಂಡು ಕುಳಿತರು, ಬಸುರಿಯ ಹೊಟ್ಟೆಗೆ ಕಿವಿಗೊಟ್ಟ ಸೂಲಗಿತ್ತಿಯ ಹಾಗೆ.

“ಇದಕ್ಕ ಹಸಿವಿಲ್ಲ.”

“ಏನಂದ್ರಿ?”

“ಹಸಿವಿಲ್ಲ ಅಂದೆ. ರುದ್ರವ್ವಾ, ಬಾ ಇಲ್ಲಿ.”

ರುದ್ರವ್ವ ಮಠದಲ್ಲಿ ಅಡುಗೆ ಮಾಡುವವಳು. ಅವಳ ಮೆಣಸಿನಕಾಯಿ ಚಟ್ನಿ ಖಾರ ಎನ್ನುತ್ತಿದ್ದವರು ಅವಳ ಮಾತು ಕೇಳಿದ ಮೇಲೆ ಚಟ್ನಿಯ ಸುದ್ದಿಯನ್ನೇ ಬಿಟ್ಟುಬಿಡುತ್ತಿದ್ದರು.

“ಒಲಿ ಮ್ಯಾಲಿನ ರೊಟ್ಟಿ ಹಂಚು ಇಳಸಾಕ ಬಟ್ಟಿ ಇಲ್ಲ ಅಂತಿದ್ದೆಲ್ಲಾ. ತಗೋ.”

ರುದ್ರವ್ವ ಚುಕ್ಕಿಯನ್ನು ಹಿಂದೆ ಮುಂದೆ ನೋಡಿದಳು. “ಭಾಳ ಛಂದ ಐತಲ್ಲೋ ಟೇಲರಪ್ಪಾ. ಎಷ್ಟು ದಪ್ಪ ಹೊಲದಿ. ಕೈ ಸುಡಂಗಿಲ್ಲ.”

ಆ ಮಧ್ಯಾಹ್ನ ಅವನ ಚುಕ್ಕಿ ಒಲೆಯ ಹತ್ತಿರದ ಗೂಟಕ್ಕೆ ನೇತಾಡುತ್ತಿತ್ತು, ಒಂದು ಅಂಚು ಕರಕಾಗಿ. ಕಟ್ಟೆಯ ಮೇಲೆ ಕೂತ ಅಡಿವೆಪ್ಪನಿಗೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಊರವರ ಕಷ್ಟ ಅವನಿಗೆ ಮೊದಲ ಸಲ ಸ್ವಲ್ಪ ತಿಳಿಯಿತು.

ಮರುದಿನ ಅವ್ವಾರ ಮುಂದೆ ಹೋಗಿ ನಿಂತ.

“ನನ್ನ ಚುಕ್ಕ್ಯಾಗ ತಪ್ಪೇನಿತ್ರಿ?”

“ತಪ್ಪಿಲ್ಲ.”

“ಮತ್ತ?”

“ಅದ ತ್ರಾಸು. ಹಸಿವಿಲ್ಲ.”

“ಬಟ್ಟಿಗೆ ಎಂಥಾ ಹಸಿವ್ರಿ?”

“ಹಸಿವಂದ್ರ ಹಸಿವು. ಸಂಸ್ಕೃತದಾಗ ಹೇಳ್ಲೇನು?”

ಅಡಿವೆಪ್ಪ ಹಲ್ಲು ಕಚ್ಚಿಕೊಂಡು ಹೊರಗೆ ಬಂದ. ಹೋದ ವರ್ಷಗಳ ಕೌದಿಗಳು ಬಿಸಿಲಿಗೆ ಹರವಿದ್ದವು. ಬಗ್ಗಿ ನೋಡಿದ. ಒಂದು ಚುಕ್ಕಿಗೆ ಮಾಲುಗಣ್ಣು. ಇನ್ನೊಂದು ಕುಂಟುತ್ತಿತ್ತು. ಮತ್ತೊಂದು ಕುಡಿದವನ ಹಾಗೆ ಪಕ್ಕದ ಚುಕ್ಕಿಯ ಮೇಲೆ ಒರಗಿತ್ತು. ಎಲ್ಲಾ ಕೌದಿಗಳ ನಟ್ಟನಡುವೆ, ಬಟ್ಟೆಯ ಕೆಳಗೆ, ಏನೋ ಗಟ್ಟಿಯಾದದ್ದು ಕೈಗೆ ಹತ್ತಿತು.

“ರುದ್ರವ್ವಾ, ಇದರಾಗ ಏನೈತಿ?”

“ರೊಟ್ಟಿ ಚೂರು.”

“ಕೌದ್ಯಾಗ?”

“ಮತ್ತ? ಕೊನೀ ಬಾಯಿ ಹೊಲಿಯೂ ಮುಂದ ಒಂದು ಚೂರು ರೊಟ್ಟಿ ಹಾಕಿ ಹೊಲೀಬೇಕು. ತಾನ ಬರಿಹೊಟ್ಟ್ಯಾಗ ಇದ್ರ ಇನ್ನೊಬ್ಬರನ್ನ ಏನ್ ಬೆಚ್ಚಗ ಇಟ್ಟೀತು?”

“ಇಲಿ ಬರೂದಿಲ್ಲೇನು?”

“ಬಂದ್ರ ಬರಲಿ. ಅದನ್ನೂ ಕಟ್ಟೀ ಮ್ಯಾಲ ಕೂಡ್ಸಿ ಉಣ್ಣಾಕ ಹಾಕ್ತೀವಿ, ನಿನ್ನ ಬಾಜೂಕ.”

ಅಡಿವೆಪ್ಪನಿಗೆ ಮಾತು ನಾಟಲಿಲ್ಲ, ಗುಟ್ಟು ಮಾತ್ರ ಸಿಕ್ಕಿತು ಎನಿಸಿತು. ಓಹೋ, ಇವರಿಗೆ ಸೊಟ್ಟ ಬೇಕು. ಮೇಲೊಂದು ಬಾಯಿ ಬೇಕು. ಇಷ್ಟಕ್ಕೇ ಇಷ್ಟು ಆಟ.

ಎಡಗೈಯಲ್ಲಿ ಹೊಲಿದ. ಒಂದು ತುಂಡನ್ನು ತಲೆಕೆಳಗು ಮಾಡಿದ. ನಡುವಿನದನ್ನು ಓರೆಯಾಗಿ ಇಟ್ಟು, ಅದರ ಒಂದು ಪಕ್ಕದ ಹೊಲಿಗೆ ಬಿಟ್ಟು ಬಾಯಿ ಮಾಡಿದ. ಜೊತೆಗೆ ನಾಲ್ಕು ಮಾತನ್ನೂ ಬಾಯಿಪಾಠ ಮಾಡಿಕೊಂಡು ಹೋದ.

“ಅವ್ವಾರ, ಈ ಲೋಕಾನ ಸೊಟ್ಟ. ಸಂಸಾರ ಸೊಟ್ಟ. ಮನುಷ್ಯಾನ ಮನಸ್ಸು ಸೊಟ್ಟ. ಅದಕ್ಕ ಚುಕ್ಕೀನೂ ಸೊಟ್ಟ.”

ಅವ್ವಾರು ಸೂಜಿ ಕೆಳಗಿಟ್ಟರು. “ಯಾರು ಹೇಳಿಕೊಟ್ರು?”

“ನನಗ ಹೊಳೀತ್ರಿ.”

“ಹೊಳಿ ದಂಡ್ಯಾಗ ಕುಂತವರಿಗೆ ಏನೇನೋ ಹೊಳೀತಿರತೈತಿ. ತಾ ಇಲ್ಲಿ.”

ಚೌಕವನ್ನು ಕಿವಿಗೆ ಹಚ್ಚಿಕೊಂಡರು. ಹಚ್ಚಿಕೊಂಡ ಕೂಡಲೇ ತೆಗೆದರು.

“ಇದು ಉಂಡು ಬಂದು, ಉಪವಾಸ ಅಂತ ಹೊಟ್ಟಿ ಹಿಡಕೊಂಡು ನಿಂತೈತಿ.”

ಚೌಕವನ್ನು ಬೆಕ್ಕು ಮಲಗುವ ಮೂಲೆಗೆ ಎಸೆದರು. ಬೆಕ್ಕು ಬಂತು. ಸುತ್ತಲೂ ಮೂಸಿ ನೋಡಿತು. ಬಾಲ ಎತ್ತಿ, ಪಕ್ಕದ ಬರಿ ನೆಲದ ಮೇಲೆ ಮಲಗಿತು.

“ಬೆಕ್ಕಿಗೂ ತಿಳೀತು ನೋಡೋ, ಟೇಲರಪ್ಪಾ,” ಎಂದಳು ರುದ್ರವ್ವ.

ಅಡಿವೆಪ್ಪನ ತಾಳ್ಮೆಯ ದಾರ ಅಲ್ಲಿಗೆ ಹರಿಯಿತು.

“ನೆಟ್ಟಗಿದ್ರೂ ಬ್ಯಾಡ, ಸೊಟ್ಟಗಿದ್ರೂ ಬ್ಯಾಡ. ನಿಮಗ ಬೇಕಾಗಿದ್ದಾದ್ರೂ ಏನ್ರಿ, ಅವ್ವಾರ?”

“ಕೌದಿ,” ಎಂದರು ಅವ್ವಾರು. ಮತ್ತೆ ಹೊಲಿಯತೊಡಗಿದರು.

ದಿನಗಳು ಉರುಳಿದವು. ಅಡಿವೆಪ್ಪ ಹೊಲಿದ, ಬಿಚ್ಚಿದ. ಬಿಚ್ಚಿದ, ಹೊಲಿದ. ಎಂಟು ಮೂಲೆಯ ಚುಕ್ಕಿಯನ್ನು ಆರು ಮೂಲೆ ಮಾಡಿ ನೋಡಿದ. ಹೂವು ಹಾಕಿ ನೋಡಿದ. ಅವ್ವಾರು ಕಿವಿಗೆ ಹಚ್ಚಿಕೊಳ್ಳುವುದು, ತಲೆಯಾಡಿಸುವುದು. ಬೆಕ್ಕಿನ ಮೂಲೆಯಲ್ಲಿ ಚೌಕಗಳ ಗುಡ್ಡೆ ಬೆಳೆಯಿತು. ಬೆಕ್ಕು ಬರಿ ನೆಲ ಬಿಡಲಿಲ್ಲ.

ಕೌದಿಯೋ ಅಂಚಿನಿಂದ ಒಳಗೆ ಒಳಗೆ ತುಂಬುತ್ತಾ ಬಂತು. ಹುಣ್ಣಿಮೆಯ ಬೆಳಿಗ್ಗೆ ನೋಡಿದರೆ ನಟ್ಟನಡುವೆ ಒಂದೇ ಒಂದು ಚೌಕದ ಜಾಗ ಉಳಿದಿತ್ತು.

ಅಡಿವೆಪ್ಪ ಗಂಟು ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತ. ಗಾಡಿ ಮಧ್ಯಾಹ್ನಕ್ಕೆ. ಊರಿಗೆ ಹೋದರೆ ತಮ್ಮ ನಗುತ್ತಾನೆ. ನಗಲಿ. ಮಷೀನಿನ ಮುಂದೆ ಕೂತು, ಒಬ್ಬನೇ ಉಂಡು, ಒಬ್ಬನೇ ಮಲಗಿದರಾಯಿತು.

ರುದ್ರವ್ವ ರೊಟ್ಟಿ ತಂದಿಟ್ಟಳು. ಇಟ್ಟವಳು ಹೋಗಲಿಲ್ಲ.

“ಹೊಂಟಿ?”

“ಹೂಂ. ನೀನೂ ಒಂದು ಮಾತು ಅಂದು ಬಿಡು. ಎಲ್ಲಾರದೂ ಆತು.”

“ಅನ್ನಾಕ ಬಂದಿಲ್ಲ,” ಎಂದು ಅವಳು ಸೆರಗಿನ ಗಂಟು ಬಿಚ್ಚಿದಳು. ಒಳಗಿದ್ದದ್ದು ಅಂಗಿಯ ಒಂದು ಕಿಸೆ. ಕಿಸೆ ಮಾತ್ರ. ಬಾಯಿ ಹಿಗ್ಗಿತ್ತು, ಒಂದು ಮೂಲೆ ಜೋತುಬಿದ್ದಿತ್ತು, ಮೇಲೆಲ್ಲಾ ಎಲೆಅಡಿಕೆಯ ಕೆಂಪು ಕಲೆ.

“ನಮ್ಮ ಮನೆಯವರದು. ಅಂಗಿ ಚಿಂದಿ ಆತು, ಇದೊಂದು ಉಳೀತು. ನನಗ ಸೂಜಿ ಹಿಡಿಯಾಕ ಬರೂದಿಲ್ಲ. ಅವ್ವಾರ ಕಣ್ಣು ಮಂದ, ಬರೇ ಕೈ ಅಂದಾಜಿನ ಮ್ಯಾಲ ಹೊಲೀತಾರ. ಯಾರ ಕೈಯಾಗೂ ಕೊಡಾಕ ಮನಸ್ಸಾಗಿರಲಿಲ್ಲ.”

“ನನ್ನ ಕೈಯಾಗ ಯಾಕ ಮತ್ತ?”

“ದಿನಾ ನಿನ್ನ ಬಟ್ಟೀಲೇ ಹಂಚು ಇಳಸೀನಿ. ಒಂದ ಹೊಲಿಗಿ ಬಿಟ್ಟಿಲ್ಲ.”

ಅಡಿವೆಪ್ಪ ಕಿಸೆ ತೆಗೆದುಕೊಂಡ. ಕೈ ತಾನೇ ಕತ್ತರಿಗೆ ಹೋಯಿತು.

“ಕಲಿ ಇದ್ದದ್ದನ್ನ ತಗದು, ಮೂಲಿ ನೆಟ್ಟಗ ಮಾಡಿ—”

ರುದ್ರವ್ವ ಅವನ ಮಣಿಕಟ್ಟು ಹಿಡಿದಳು. ಒಲೆಯ ಮುಂದೆ ಪಳಗಿದ ಕೈ, ಬಿಗಿಯಾಗಿತ್ತು.

“ಕಲಿ ಮುಟ್ಟಬ್ಯಾಡ. ಆತ ಇರೂತನಕ ಬೈಕೋಂತ ತಿಕ್ಕೀನಿ, ಹೋಗಲಿಲ್ಲ. ಈಗ ಹೋತಂದ್ರ ನಾ ಯಾರ ಕೂಡ ಜಗಳಾಡ್ಲಿ?”

ಅಡಿವೆಪ್ಪ ಕತ್ತರಿ ಕೆಳಗಿಟ್ಟ.

ಕಿಸೆಯನ್ನು ನಡುವೆ ಇಟ್ಟ. ಅದು ಚೌಕವೂ ಅಲ್ಲ, ಗುಂಡಗೂ ಅಲ್ಲ. ಈ ಕಡೆಯ ಮೂಲೆ ಹಚ್ಚಿದರೆ ಆ ಕಡೆಯದು ಎದ್ದಿತು. ಎತ್ತರದ ಪಕ್ಕಕ್ಕೆ ಚಿಕ್ಕ ತುಂಡು ಹಾಕಿದ, ಜೋತ ಪಕ್ಕಕ್ಕೆ ತುಂಡಿಗೆ ತುಂಡು ಜೋಡಿಸಿ ಉದ್ದ ಮಾಡಿದ. ಊರವರ ಗಂಟಿನಲ್ಲಿ ಉಳಿದಿದ್ದ ಬಟ್ಟೆ ಸಾಲದೆ, ತಾನು ಮೊದಲ ದಿನ ಎಸೆದಿದ್ದ ತೇಪೆಯ ತುಂಡನ್ನೇ ಹುಡುಕಿ ತಂದ. ಕಿಸೆ ಜಗ್ಗಿದ ಕಡೆಗೆ ಚುಕ್ಕಿ ವಾಲಿತು. ಹೊಲಿಯುತ್ತಾ ಹೊಲಿಯುತ್ತಾ ಬೈದ.

“ಎಂಥಾ ಮನುಷ್ಯಾನೋ ಯವ್ವಾ ನಿನ್ನ ಗಂಡ. ಕಿಸೇದಾಗ ಎಲಿ ಇಟ್ಟಿದ್ನೋ, ಬೀಸೂಕಲ್ಲು ಇಟ್ಟಿದ್ನೋ?”

“ಸುಣ್ಣದ ಡಬ್ಬೀನೂ ಇಡತಿದ್ದ.”

“ಅಡಕೊತ್ತು?”

“ಅದೂ ಇಡತಿದ್ದ. ಒಂದ ಸಲ ಮೈಮರತು ಬಿಸಿ ಮಿರ್ಚಿ ಭಜಿ ಇಟಗೊಂಡು ಬಂದಿದ್ದ. ನನಗಂತ.”

“ತಿಂದಿ?”

“ಬೈದೆ. ಬೈಕೋಂತ ತಿಂದೆ.”

ಅವಳು ಹೇಳುತ್ತಾ ಹೋದಳು, ಅವನು ಹೊಲಿಯುತ್ತಾ ಹೋದ. ರುದ್ರವ್ವನ ಕುಪ್ಪಸದ ತೋಳಿನ ಹೊಲಿಗೆ ಸೊಟ್ಟಗಿತ್ತು. ಅಡಿವೆಪ್ಪ ಅದನ್ನು ನೋಡಲಿಲ್ಲ. ಪಕ್ಕದಲ್ಲಿದ್ದ ರೊಟ್ಟಿ ತಣ್ಣಗಾಯಿತು.

ನೆರಳು ಬಿದ್ದಾಗ ತಲೆ ಎತ್ತಿದ. ಅವ್ವಾರು ನಿಂತಿದ್ದರು.

ಅವನು ಚೌಕವನ್ನು ಎರಡೂ ಅಂಗೈಯಿಂದ ಮುಚ್ಚಿಕೊಂಡ.

“ಇದು ಚುಕ್ಕಿ ಅಲ್ರಿ. ಕಾಲು ಮುರದ ಏಡಿ ಆಗೇತಿ. ನೀವು ಬೈಬ್ಯಾಡ್ರಿ, ನಾ ಹೆಂಗೂ ಹೊಂಟೀನಿ. ಆದ್ರ ಇದನ್ನ ಬೆಕ್ಕಿಗೆ ಹಾಕಬ್ಯಾಡ್ರಿ.”

“ಬಿಡು ಕೈ.”

ಅವ್ವಾರು ಅದನ್ನು ಕಿವಿಗೆ ಹಚ್ಚಿಕೊಂಡರು. ಈ ಸಲ ಬೇಗ ತೆಗೆಯಲಿಲ್ಲ.

ಕೌದಿಯನ್ನು ಕಟ್ಟೆಗೆ ಎಳೆದು ತಂದು ಹರವಿಕೊಂಡು, ನಡುವಿನ ಜಾಗಕ್ಕೆ ಚೌಕ ಇಟ್ಟರು. ಒಂದು ಕಡೆ ಸಾಲಲಿಲ್ಲ, ಒಂದು ಕಡೆ ಮಿಕ್ಕಿತು. ಮಿಕ್ಕದ್ದನ್ನು ಮಡಿಚಿದರು, ಸಾಲದ ಕಡೆ ತಮ್ಮ ಸೆರಗಿನ ತುದಿಯನ್ನೇ ಹರಿದು ಹಚ್ಚಿದರು. ಸುತ್ತಲೂ ಹೊಲಿದರು. ಕಿಸೆಯ ಬಾಯಿ ಮಾತ್ರ ತೆರೆದೇ ಉಳಿಯಿತು.

ದೂರದಲ್ಲಿ ಎತ್ತಿನ ಗೆಜ್ಜೆ ಕೇಳಿಸಿತು. ಸಂತೆಯ ಗಾಡಿ.

ಅಡಿವೆಪ್ಪ ಎದ್ದು ಗಂಟು ಹೆಗಲಿಗೇರಿಸಿದ. ದಾರಿ ದೂರ, ಹೊಟ್ಟೆ ಬರಿದು. ಬಗ್ಗಿ ರೊಟ್ಟಿ ಮುರಿದು ಒಂದು ಚೂರು ಬಾಯಿಗೆ ಒಯ್ದ.

ಅವ್ವಾರು ನಡುವೆಯೇ ಅವನ ಕೈ ಹಿಡಿದರು. ಬೆರಳು ಬಿಡಿಸಿ ಚೂರು ಕಸಿದುಕೊಂಡು ಕಿಸೆಯೊಳಗೆ ಹಾಕಿದರು. ದಾರ ಪೋಣಿಸಿದ ಸೂಜಿಯನ್ನು ಅವನ ಮುಂದೆ ಹಿಡಿದರು.

“ಅವ್ವಾರ, ಗಾಡಿ ಬಂತ್ರಿ.”

“ಅದರ ಬಾಯಿ ಹೊಲಿ, ಲಗೂನ. ಒಳಗ ಒಲಿ ಮುಂದ ನಿನ್ನ ರೊಟ್ಟಿ ಆರಾಕತ್ತೈತಿ.”